ಸ್ವಧರ್ಮ ವಿಚಾರ

ಗೀತೆಯ 3ನೆಯ ಅಧ್ಯಾಯದ 35ನೆಯ ಶ್ಲೋಕಕ್ಕೂ 18ನೆಯದರ 47ನೆಯ ಶ್ಲೋಕಕ್ಕೂ ಪೂರ್ವಾರ್ಧ ಒಂದೇ. ಗುಣಹೀನವೆನಿಸಿದರೂ ಸ್ವಧರ್ಮವೇ ಶ್ರೇಯಸ್ಕರವೆಂದು ಭಗವಂತನು ಎರಡು ಬಾರಿ ಹೇಳಿರುವನು. ಪರಧರ್ಮವೆಂದರೆ ಕೀಳು ಕೆಲಸವೆಂದು ಹಲವರು ತಿಳಿಯುತ್ತಾರೆ. ಆದರೆ ಅರ್ಜುನನು ಬಯಸಿದ್ದು ಭಿಕ್ಷಾನ್ನವನ್ನು. ಯತಿಗೆ ಅದು ಭೂಷಣ, ಕ್ಷತ್ರಿಯನಿಗೆ ಪರಧರ್ಮ.

ಪಾಳಿಯ ನೌಕರಿಯಲ್ಲಿ ಧರ್ಮವೆಲ್ಲಿ ಎಂದು ಕಾಮೋಠೆಯ ತರುಣರು ಕೇಳುವುದುಂಟು. ರಾತ್ರಿಪಾಳಿಯ ಸ್ಟೇಷನ್ ಮಾಸ್ತರನು ಸಿಗ್ನಲ್ ಮರೆತು ಜಪಕ್ಕೆ ಕುಳಿತರೆ ಅದು ಜಪವೆನಿಸದು. ರೈಲ್ವೆಯಲ್ಲಿದ್ದ ನಮಗೆ ಇದು ಬೇಗ ಹೊಳೆಯುತ್ತದೆ. ಸ್ವಕರ್ಮವೇ ಅರ್ಚನೆಯೆಂಬುದು 18ನೆಯ ಅಧ್ಯಾಯದ 46ನೆಯ ಶ್ಲೋಕದ ಅಭಿಪ್ರಾಯ. ಹಾಗೆಂದು ಸಂಧ್ಯಾವಂದನೆಗೆ ರಜೆಯಿಲ್ಲ. ಸಂಬಳ ತರುವುದೆಲ್ಲವೂ ಸ್ವಧರ್ಮವಲ್ಲ.

ಮಹಾಭಾರತದ ವನಪರ್ವದಲ್ಲಿ ಬರುವ ಕೌಶಿಕನು ಮಾತಾಪಿತೃಗಳ ಅನುಮತಿಯಿಲ್ಲದೆ ವೇದಾಧ್ಯಯನಕ್ಕೆಂದು ಮನೆ ಬಿಟ್ಟ ಬ್ರಾಹ್ಮಣ. ಧರ್ಮವನ್ನರಿಯಲು ಅವನು ಹೋದದ್ದು ಮಿಥಿಲೆಯಲ್ಲಿ ಮಾಂಸ ಮಾರುವ ಧರ್ಮವ್ಯಾಧನ ಬಳಿಗೆ. ಬಹುವಾಗಿ ಉಪದೇಶಿಸಿದ ವ್ಯಾಧನು ಕಡೆಗೆ ತನ್ನ ವೃದ್ಧ ತಂದೆತಾಯಿಗಳನ್ನು ತೋರಿಸಿ, ಇವರೇ ನನ್ನ ದೈವವೆಂದನು. ಶೋಕದಿಂದ ಕುರುಡರಾದ ನಿನ್ನವರ ಸೇವೆಗೆ ಹಿಂದಿರುಗೆಂದನು. ಊರಿನಲ್ಲಿ ಹಿರಿಯರನ್ನು ಬಿಟ್ಟು ಬಂದ ನಮ್ಮವರಿಗೆ ಇಡೀ ಆಖ್ಯಾನದಲ್ಲಿ ಈ ಭಾಗವೇ ಕಠಿನ. ತಿಂಗಳು ತಿಂಗಳು ಹಣ ಕಳುಹಿಸಿದರೆ ಸಾಲದೇ ಎಂದು ಒಬ್ಬರು ನಮ್ಮನ್ನು ಕೇಳಿದರು. ವ್ಯಾಧನು ಅವರಿಗೆ ತಾನೇ ಸ್ನಾನ ಮಾಡಿಸುತ್ತಿದ್ದನು, ತಾನೇ ಪಾದ ತೊಳೆಯುತ್ತಿದ್ದನು, ತಾನೇ ಉಣಬಡಿಸುತ್ತಿದ್ದನು.