ದೀಪ ಹಿಡಿದವಳನ್ನು ನೋಡುವ ಬಗೆ

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಎರಡು ಚಿತ್ರಗಳನ್ನು ನೀವು ನೋಡಿರುತ್ತೀರಿ. ದೇವರಕೋಣೆಯಲ್ಲಿ ರವಿವರ್ಮನ ಲಕ್ಷ್ಮಿ, ನಡುಮನೆಯಲ್ಲಿ ದೀಪ ಹಿಡಿದ ಹೆಂಗಸು. ಎರಡನೆಯದೂ ರವಿವರ್ಮನದೇ ಎನ್ನುವವರು ಈಗಲೂ ಇದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ದೀಪದ ಚಿತ್ರವನ್ನು ಸಾವಂತವಾಡಿ ಮೂಲದ ಎಸ್.ಎಲ್. ಹಲ್ದಂಕರ್ ಬರೆದದ್ದು 1945–46ರಲ್ಲಿ, ಮಗಳು ಗೀತಾ ಅವರನ್ನೇ ಎದುರಿಗೆ ನಿಲ್ಲಿಸಿಕೊಂಡು. ಮೂಲಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ.

ಚಿತ್ರದ ಭಾವ ಹಿಡಿಯಬೇಕಾದರೆ ಮೊದಲು ಅದರ ಹೆಸರು ಮರೆಯಿರಿ. ‘ಗ್ಲೋ ಆಫ್ ಹೋಪ್’ ಅಂದ ಕೂಡಲೇ ದೀಪವೆಂದರೆ ಭರವಸೆ ಎಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಹೆಸರು ಕೊನೆಗಿರಲಿ.

ಆಮೇಲೆ ಬೆಳಕಿನ ಮೂಲ ಹುಡುಕಿ. ದೀಪವನ್ನು ಹೆಬ್ಬೆರಳಿನಿಂದ ಮರೆಮಾಡಿದರೂ ಬೆಳಕು ಕೆಳಗಿನಿಂದ ಮುಖಕ್ಕೆ ಏರುತ್ತಿರುವುದು ತಿಳಿಯುತ್ತದೆ.

ಈಗ ಕೈಗೆ ಬನ್ನಿ. ಇಲ್ಲಿ ಅವಸರ ಬೇಡ. ಒಂದು ಕೈ ದೀಪ ಹಿಡಿದಿದೆ, ಇನ್ನೊಂದು ಕುಡಿಗೆ ಅಡ್ಡ ಬಂದಿದೆ. ಆ ಬೆರಳುಗಳ ಅಂಚಿನಲ್ಲಿ ಬೆಳಕು ಚರ್ಮದೊಳಗಿನಿಂದ ಹಾಯ್ದು ಕೆಂಪಾಗಿದೆ. ಕರೆಂಟು ಹೋದಾಗ ಮೇಣದಬತ್ತಿಗೆ ಕೈ ಅಡ್ಡ ಹಿಡಿದವರಿಗೆಲ್ಲ ಆ ಕೆಂಪು ಗೊತ್ತು. ಇದು ಜಲವರ್ಣ. ಕತ್ತಲೆ ಬಳಿದ ಮೇಲೆ ಬೆಳಕನ್ನು ವಾಪಸು ತರುವುದು ಬಲು ಕಷ್ಟ, ಬೆಳಕಿನ ಜಾಗವನ್ನು ಮೊದಲೇ ಕಾಯ್ದುಕೊಳ್ಳಬೇಕು. ಆಕೆ ದೀಪ ಕಾಯುವ ಹಾಗೆಯೇ ಕಲಾವಿದ ಕಾಗದದ ಬೆಳಕನ್ನು ಕಾಯ್ದಿದ್ದಾರೆ. ಈ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಸಂಕೇತದ ಮಾತು ಇನ್ನು ಮೇಲೆ. ಲಕ್ಷ್ಮಿಯ ಚಿತ್ರದಲ್ಲಿ ಕಮಲ, ಹಾರ ಹಿಡಿದ ಆನೆ, ನಾಲ್ಕು ಕೈ ಇವೆಲ್ಲದರ ಅರ್ಥ ಸಂಪ್ರದಾಯದಲ್ಲೇ ನಿಂತಿದೆ. ತಿಳಿದವರನ್ನು ಕೇಳಿದರೆ ಸಾಕು. ಅವನ್ನು ತೆಗೆದರೆ ಉಳಿಯುವುದು ಸೀರೆ ಉಟ್ಟ ಒಬ್ಬ ಹೆಣ್ಣುಮಗಳು. ದೀಪದವಳಿಗೆ ಅಂಥ ಗುರುತು ಯಾವುದೂ ಇಲ್ಲ. ಅರ್ಥವೆಲ್ಲ ಆ ಕೈ ಮಾಡುತ್ತಿರುವ ಕೆಲಸದಲ್ಲಿದೆ. ಆದ್ದರಿಂದ ‘ಇದರ ಅರ್ಥವೇನು’ ಎಂದು ಕೇಳುವುದನ್ನು ಬಿಟ್ಟು ‘ಈಕೆ ಏನು ಮಾಡುತ್ತಿದ್ದಾಳೆ, ಯಾಕೆ’ ಎಂದು ಕೇಳಿ. ಗಾಂಧಿ ಬಜಾರಿನ ಹಿಂದಿನ ನಮ್ಮ ಮನೆಯಲ್ಲಿ ಅಜ್ಜಿ ಮುಸ್ಸಂಜೆ ದೀಪ ಹಚ್ಚಿ ಬಂದು ಒಮ್ಮೆ ಈ ಪಟ ತೋರಿಸಿ, “ಗಾಳಿ ಬೀಸ್ತಿದೆ ಕಣೋ, ನೋಡು” ಅಂದಿದ್ದರು. ಚಿತ್ರದಲ್ಲಿ ಗಾಳಿಯನ್ನು ಎಲ್ಲೂ ಬರೆದಿಲ್ಲ. ಅಂದಿನಿಂದ ನನಗೆ ಆಕೆಯ ಶಾಂತಿಯ ಜೊತೆಗೆ ಒಂದಿಷ್ಟು ಆತಂಕವೂ ಕಾಣುತ್ತದೆ.

ಇದೇ ಕ್ರಮದಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ ಮೈಸೂರು ಶೈಲಿಯ ಚಿತ್ರಗಳನ್ನು ನೋಡಿ. ಅಲ್ಲಿ ಬೆಳಕು ದೀಪದಿಂದ ಬರುವುದಿಲ್ಲ, ಅಂಟಿಸಿದ ಚಿನ್ನದ ರೇಕಿನಿಂದ ಬರುತ್ತದೆ. ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೂ ಸರಿಯುತ್ತದೆ.