ಮನದ ಕಳವಳವೂ ಶರಣರ ದಿನಚರ್ಯೆಯೂ

ಶರೀರಕ್ಕೆ ಜ್ವರ ಬಂದರೆ ಮನೆಯವರೆಲ್ಲರಿಗೂ ತಿಳಿಯುತ್ತದೆ. ಮನಸ್ಸಿಗೆ ಬಂದ ಕಳವಳವಾದರೋ ಅದನ್ನು ಹೊತ್ತವನೊಬ್ಬನಿಗೇ ಗೊತ್ತು. ಸದ್ಭಕ್ತರಲ್ಲಿ ಅನೇಕರು ಅದನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ. ಲಿಂಗಧಾರಿಗೆ ಚಿಂತೆಯುಂಟೇ ಎಂದು ಯಾರಾದರೂ ಕೇಳಿಯಾರೆಂಬ ಅಳುಕು ಅವರಿಗೆ. ಈ ಅಳುಕು ಸಲ್ಲದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ತಮ್ಮ ಮನದ ಚಂಚಲತೆಯನ್ನು ಮರೆಮಾಚದೆ ವಚನಗಳಲ್ಲಿ ಕೂಡಲಸಂಗಮದೇವನ ಮುಂದೆ ತೆರೆದಿಟ್ಟರು. ಅದರಿಂದ ಅವರ ಭಕ್ತಿಗೆ ಕುಂದು ಬರಲಿಲ್ಲ.

ಮಂಗಳೂರಿನ ಶಕ್ತಿನಗರದಂಥ ಬಡಾವಣೆಯಲ್ಲಿ ನೌಕರಿಯ ನಿಮಿತ್ತ ಘಟ್ಟದ ಮೇಲಿನಿಂದ ಬಂದು ನೆಲಸಿದ ಒಂದು ಸಂಸಾರವನ್ನು ಭಾವಿಸಬಹುದು. ಸುತ್ತಲೂ ತುಳು, ಕೊಂಕಣಿಯ ಮಾತು, ಬಂಧುಬಳಗ ದೂರ, ಮಠದ ಜಾತ್ರೆಗೆ ಹೋಗಲು ರಜೆ ದೊರೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಮನೆಯೊಳಗೇ ಕೂಡಿಹಾಕುತ್ತದೆ. ಸಾಲದ ಕಂತು, ಮಗಳ ಪರೀಕ್ಷೆ, ಊರಿನಲ್ಲಿ ವೃದ್ಧ ತಾಯಿಯ ಕಾಯಿಲೆ ಇವು ಒಮ್ಮೆಗೇ ಬಂದೊದಗಿದಾಗ ಯಜಮಾನನ ನಿದ್ರೆ ಹಾರುತ್ತದೆ, ಮಾತು ಕಡಿಮೆಯಾಗುತ್ತದೆ, ಅಲ್ಪ ಕಾರಣಕ್ಕೂ ಸಿಡುಕು ಹುಟ್ಟುತ್ತದೆ. ೨೦೨೦ರ ಮಾರ್ಚ್‌ನಲ್ಲಿ ಕೊರೊನಾ ನಿಮಿತ್ತ ದೇಶವೇ ಬಾಗಿಲು ಮುಚ್ಚಿದಾಗ ಇಂಥ ಒಂಟಿತನವು ಎಷ್ಟೋ ಮನೆಗಳ ಅನುಭವಕ್ಕೆ ಬಂದಿತು.

ಇಂಥ ಕಾಲದಲ್ಲಿ ಗೃಹಸ್ಥನಿಗೆ ಆಧಾರವಾಗುವ ಸಾಧನಗಳು ಅವನ ನಿತ್ಯಾಚಾರದಲ್ಲಿಯೇ ಇವೆ. ಮೊದಲನೆಯದು ಇಷ್ಟಲಿಂಗಪೂಜೆ. ದಿನವೂ ಒಂದೇ ವೇಳೆಗೆ ಎದ್ದು, ಮಿಂದು, ಕರಸ್ಥಲದ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕುಳಿತಾಗ ಉಸಿರು ನಿಧಾನವಾಗುತ್ತದೆ. ಉಸಿರಿನೊಡನೆ ಎದೆಯ ಬಡಿತವೂ ತಗ್ಗುತ್ತದೆ. ಮನ ಓಡಿದರೆ ಬೇಸರಿಸದೆ ಮತ್ತೆ ಕರೆತರಬೇಕು.

ಎರಡನೆಯದು ಪ್ರಸಾದ. ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ಉಣ್ಣುವುದು, ಚಿಂತೆ ಮರೆಯಲು ಮದ್ಯವನ್ನು ಮುಟ್ಟದಿರುವುದು, ಮಲಗುವ ಮುನ್ನ ಮೊಬೈಲನ್ನು ಬದಿಗಿರಿಸಿ ನಿದ್ರೆಗೆ ಎಡೆಗೊಡುವುದು ಇವೆಲ್ಲ ಶರೀರವನ್ನು ಪ್ರಸಾದಕಾಯವೆಂದು ಕಾಪಾಡುವ ಬಗೆಗಳು.

ಮೂರನೆಯದು ಕಾಯಕ. ಚಿಂತೆ ಬೆಟ್ಟದಂತೆ ತೋರಿದಾಗ ಈ ದಿನ ಮಾಡತಕ್ಕ ಒಂದು ಕಾರ್ಯವನ್ನು ಆರಿಸಿ ಮುಗಿಸಿದರೆ ಮನಕ್ಕೆ ಧೈರ್ಯ ಬರುತ್ತದೆ. ಮಳೆ ಬಿಟ್ಟ ವೇಳೆ ಅರ್ಧ ಗಂಟೆ ನಡೆದು ಬರುವುದೂ ಹಿತ. ಆದರೆ ವಿಶ್ರಾಂತಿಯಿಲ್ಲದ ದುಡಿಮೆಯನ್ನು ಕಾಯಕವೆಂದು ಭ್ರಮಿಸಬಾರದು.

ನಾಲ್ಕನೆಯದು ಶರಣಸಂಗ, ಉಳಿದ ಮೂರಕ್ಕೂ ಬಲ ಇದರಿಂದಲೇ. ಅನುಭವಮಂಟಪವು ಮಾತನಾಡುವ, ಕೇಳುವ ಎಡೆಯಾಗಿತ್ತು. ಶಕ್ತಿನಗರದ ಆ ಮನೆಯಲ್ಲಿಯೂ ಸಂಜೆಯ ಪೂಜೆಯಾದ ಮೇಲೆ ಪತಿಪತ್ನಿಯರು ಒಂದಿಷ್ಟು ಹೊತ್ತು ಕುಳಿತು ದಿನದ ಭಾರವನ್ನು ಪರಸ್ಪರ ಹೇಳಿಕೊಂಡರೆ ಅದೇ ಒಂದು ಮಂಟಪ. ನೆರೆಮನೆಯವರ ಭಾಷೆ ಬೇರೆಯಾದರೂ ಕಷ್ಟಸುಖ ಬೇರೆಯಲ್ಲ. ಕೇಳುವವನು ಉಪದೇಶಕ್ಕೆ ಆತುರಪಡದೆ, ಹೋಲಿಸಿ ಹಳಿಯದೆ, ಕಿವಿಗೊಡಬೇಕು. ಅದೂ ದಾಸೋಹವೇ.

ಇಷ್ಟಾದರೂ ಎರಡು ವಾರಗಳಿಗೆ ಮೀರಿ ದುಃಖ, ನಿರುತ್ಸಾಹ, ನಿದ್ರಾಹೀನತೆ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರಂತೂ ಆ ಕ್ಷಣವೇ, ಒಬ್ಬರನ್ನೇ ಬಿಡದೆ, ನೆರವು ಪಡೆಯಬೇಕು. ಪೂಜೆಯಿದ್ದಮೇಲೆ ಔಷಧವೇಕೆ ಎಂಬವರು ವೈದ್ಯ ಸಂಗಣ್ಣನವರನ್ನು ನೆನೆಯಲಿ. ವೈದ್ಯವೃತ್ತಿಯನ್ನೇ ಕಾಯಕವಾಗಿ ನಡೆಸಿದ ಅವರು ವಚನಕಾರರ ಗಣನೆಯಲ್ಲಿದ್ದಾರೆ. ಕೇಂದ್ರ ಸರ್ಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಂಗಳೂರಿನವರು ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಮನದ ಭಾರವನ್ನು ಒಬ್ಬನೇ ಹೊರುವುದು ಶರಣರು ವಿಧಿಸಿದ ವ್ರತವಲ್ಲ. ಈ ವಾರ ಪ್ರತಿಯೊಂದು ಮನೆಯಲ್ಲಿಯೂ ಮಾತು ಕಡಿಮೆಮಾಡಿದವರು ಯಾರೆಂದು ಗಮನಿಸಿ, ಅವರ ಬಳಿ ಕುಳಿತು ಕೇಳುವುದೇ ಈ ಪಾಠದ ಅಭ್ಯಾಸ.