ದ್ರಾಕ್ಷಿಯ ತೋಟವನ್ನು ಕಾಯುವ ನುಸಿ

ದ್ರಾಕ್ಷಿಯನ್ನು ಬೆಳೆಯುವ ರೈತರಿಗೆ ಕೆಂಪು ಜೇಡನುಸಿಯ ಉಪದ್ರವವು ತಿಳಿಯದ ವಿಷಯವಲ್ಲ. ಆದರೆ ಅದೇ ಬಳ್ಳಿಯ ಮೇಲೆ ಈ ನುಸಿಯನ್ನು ಹಿಡಿದು ತಿನ್ನುವ ಬೇರೊಂದು ಜಾತಿಯ ನುಸಿಯೂ ಇರುವುದೆಂಬುದನ್ನು ಬಲ್ಲವರು ಕಡಿಮೆ. ಇದನ್ನರಿಯದೆ ಔಷಧ ಸಿಂಪಡಿಸುವವರು ತಮ್ಮ ತೋಟದ ಕಾವಲುಗಾರನನ್ನು ತಾವೇ ಕೊಂದಂತಾಗುವುದು.

1. ಶತ್ರುವಿನ ಗುರುತು

ನುಸಿಯು ಜೇಡನ ವಂಶಕ್ಕೆ ಸೇರಿದುದು. ಬೆಳೆದ ನುಸಿಗೆ ಎಂಟು ಕಾಲುಗಳುಂಟು. ಉದ್ದವು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಜೇಡನುಸಿಯು ಎಲೆಯ ಅಡಿಭಾಗದಲ್ಲಿ ತೆಳ್ಳಗಿನ ಬಲೆ ನೇಯ್ದು, ಗುಂಪಾಗಿದ್ದುಕೊಂಡು ರಸ ಹೀರುವುದು. ಅದರ ಮೊಟ್ಟೆಯು ದುಂಡಗಿರುವುದು. ಎಲೆಯ ಮೇಲೆ ಮೊದಲು ಹಳದಿ ಚುಕ್ಕೆಗಳು ಕಾಣಿಸಿಕೊಂಡು, ಕ್ರಮೇಣ ಎಲೆಯು ತಾಮ್ರದ ಬಣ್ಣಕ್ಕೆ ತಿರುಗಿ ಒಣಗುವುದು. ವಿಜಯಪುರ, ಬಾಗಲಕೋಟೆಯ ಕಡೆಗಳಲ್ಲಿ ಅಕ್ಟೋಬರಿನ ಚಾಟ್ನಿಯಾದ ಬಳ್ಳಿಗಳಲ್ಲಿ ಕಾಯಿ ತುಂಬುವ ಹೊತ್ತಿಗೆ ಒಣಹವೆಯೂ ಬಿಸಿಲೂ ಏರುವುದರಿಂದ, ಈ ನುಸಿಯ ಸಂತತಿಯೂ ಆಗಲೇ ಬೆಳೆಯುವುದು. ಆ ಕಾಲದಲ್ಲಿ ಎಲೆ ಕೆಟ್ಟರೆ ಹಣ್ಣಿಗೆ ಸಿಹಿ ಕೂಡದು. ವರ್ಷದ ದುಡಿಮೆಯೇ ನಷ್ಟವಾಗುವುದು.

2. ಮಿತ್ರನ ಗುರುತು

ಕಾವಲು ನುಸಿಯು ಬಲೆ ನೇಯುವುದಿಲ್ಲ. ಮೈ ನುಣುಪಾಗಿ ಹೊಳೆಯುತ್ತ, ಹನಿಯ ಆಕಾರದಲ್ಲಿರುವುದು. ಮೊಟ್ಟೆಯು ಕೋಳಿಯ ಮೊಟ್ಟೆಯಂತೆ ನೀಳವಾಗಿರುವುದು. ಎಲೆಯನ್ನು ಮಗುಚಿದೊಡನೆ ಜೇಡನುಸಿಯು ನಿಧಾನವಾಗಿ ಚಲಿಸಿದರೆ, ಕಾವಲು ನುಸಿಯು ಚುರುಕಾಗಿ ಓಡುವುದು. ಬಿಸಿಲಿನ ದಿನಗಳಲ್ಲಿ ಸುಮಾರು ಒಂದು ವಾರದಲ್ಲಿ ಮೊಟ್ಟೆಯಿಂದ ಬೆಳೆದ ನುಸಿಯಾಗುವುದರಿಂದ, ಶತ್ರುವಿನ ವೃದ್ಧಿಗೆ ಸರಿಸಮನಾಗಿ ಇದರ ವೃದ್ಧಿಯೂ ನಡೆಯಬಲ್ಲುದು.

3. ಕ್ಯಾಲಿಫೋರ್ನಿಯದ ಪಾಠ

ಅಮೆರಿಕದ ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯ ದ್ರಾಕ್ಷಿ ತೋಟಗಳಲ್ಲಿ 1945ರ ತರುವಾಯ ಜಿಗಿಹುಳುವಿನ ನಿವಾರಣೆಗಾಗಿ ಡಿ.ಡಿ.ಟಿ. ಮೊದಲಾದ ಹೊಸ ವಿಷಗಳನ್ನು ಹೇರಳವಾಗಿ ಬಳಸಿದರು. ಕೆಲವೇ ವರ್ಷಗಳಲ್ಲಿ ಜಿಗಿಹುಳುವು ಆ ವಿಷಗಳನ್ನು ತಾಳಿಕೊಳ್ಳುವಂತಾಯಿತು. ಮೇಲಾಗಿ ಜೇಡನುಸಿಯು ದೊಡ್ಡ ಪಿಡುಗಾಯಿತು. ಫ್ಲಾಹರ್ಟಿ, ಹಫೇಕರ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ, 1970ರಲ್ಲಿ ಪ್ರಕಟಿಸಿದ ವಿಚಾರವು ಗಮನಾರ್ಹವಾದುದು. ವಿಷದ ಹಾವಳಿಯಿಲ್ಲದ ತೋಟಗಳಲ್ಲಿ ಕಾವಲು ನುಸಿಯು ಶತ್ರುವನ್ನು ಹದ್ದಿನಲ್ಲಿಟ್ಟಿತ್ತು. ಹೆಚ್ಚು ಹಾನಿ ಮಾಡದ ಬೇರೆ ಜಾತಿಯ ನುಸಿಗಳು ಬಳ್ಳಿಯ ಮೇಲಿದ್ದುದು ಇದಕ್ಕೆ ಸಹಾಯಕವಾಯಿತು. ಶತ್ರುವು ವಿರಳವಾದಾಗ ಕಾವಲು ನುಸಿಗೆ ಅವೇ ಆಹಾರ. ಆದುದರಿಂದ ತೋಟದಲ್ಲಿ ಒಂದು ನುಸಿಯೂ ಉಳಿಯಕೂಡದೆಂಬ ಹಟವು ಸಲ್ಲದು. ಆಹಾರವಿಲ್ಲದೆಡೆ ಕಾವಲೂ ನಿಲ್ಲದು.

4. ರೈತರು ಮಾಡತಕ್ಕ ಕೆಲಸ

(ಅ) ವಾರಕ್ಕೊಮ್ಮೆ ತೋಟದ ನಾಲ್ಕು ಕಡೆಗಳಿಂದಲೂ ನಡುವಿನಿಂದಲೂ ಕೆಲವು ಎಲೆಗಳನ್ನು ಕಿತ್ತು, ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿಯಿಂದ ಅಡಿಭಾಗವನ್ನು ನೋಡತಕ್ಕದ್ದು. ಎರಡು ಬಗೆಯ ನುಸಿಗಳೂ ಎಷ್ಟೆಷ್ಟು ಎಲೆಗಳಲ್ಲಿವೆಯೆಂಬುದನ್ನು ಬರೆದಿಡತಕ್ಕದ್ದು.

(ಆ) ಕಾವಲು ನುಸಿಯು ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದು, ಹಾನಿಯು ಹರಡದಿದ್ದರೆ, ಔಷಧಕ್ಕೆ ಆತುರಪಡಬೇಕಾಗಿಲ್ಲ.

(ಇ) ಪೈರಿಥ್ರಾಯ್ಡ್ ವರ್ಗದ ಕೀಟನಾಶಕಗಳು ಕಾವಲು ನುಸಿಗೆ ಬಹಳ ಮಾರಕ. ಅವನ್ನು ವರ್ಜಿಸುವುದು ಉತ್ತಮ. ಬೂದಿರೋಗಕ್ಕೆ ಗಂಧಕವನ್ನು ಹಾಕುವಾಗಲೂ ಅಗತ್ಯಕ್ಕೆ ಮೀರಿ ಹಾಕಕೂಡದು.

(ಈ) ಧೂಳು ಕವಿದ ಎಲೆಗಳಲ್ಲಿ ಜೇಡನುಸಿಯು ಬೇಗ ಹೆಚ್ಚುವುದು. ಗಾಡಿದಾರಿಗೆ ನೀರು ಚಿಮುಕಿಸಿ ಧೂಳನ್ನು ಅಡಗಿಸತಕ್ಕದ್ದು. ಬಳ್ಳಿಯು ನೀರಿಲ್ಲದೆ ಬಾಡದಂತೆ ನೋಡಿಕೊಳ್ಳತಕ್ಕದ್ದು.

(ಉ) ಉಪದ್ರವವು ಕೈಮೀರುವಂತಿದ್ದರೆ, ಅಧಿಕಾರಿಗಳ ಸಲಹೆ ಪಡೆದು, ನುಸಿಗೆಂದೇ ಇರುವ ಔಷಧವನ್ನು ಹಾನಿಗೊಂಡ ಸಾಲುಗಳಿಗೆ ಮಾತ್ರ ಸಿಂಪಡಿಸತಕ್ಕದ್ದು.

ನುಸಿಗಳು ಗಾಳಿಯಲ್ಲಿ ತೇಲಿ ಒಂದು ತೋಟದಿಂದ ಮತ್ತೊಂದಕ್ಕೆ ಹೋಗುವುವು. ಒಬ್ಬನ ತೋಟದ ವಿಷವೂ ಹಾಗೆಯೇ ಪಕ್ಕದ ತೋಟಕ್ಕೆ ತಾಗುವುದು. ಆದಕಾರಣ ಗ್ರಾಮದ ಮುಖ್ಯಸ್ಥರು ಬೆಳೆಗಾರರನ್ನು ಒಂದೆಡೆ ಸೇರಿಸಿ, ಒಂದು ಭೂತಗನ್ನಡಿಯನ್ನು ತರಿಸಿ, ಮಿತ್ರನಾವುದು ಶತ್ರುವಾವುದು ಎಂಬುದನ್ನು ಎಲ್ಲರಿಗೂ ಕಣ್ಣಾರೆ ತೋರಿಸಿದರೆ ಮಹೋಪಕಾರವಾಗುವುದು. ಮೊದಲು ಎಲೆಯನ್ನು ಮಗುಚಿ ನೋಡುವುದು, ಆಮೇಲೆ ಔಷಧದ ಯೋಚನೆ ಮಾಡುವುದು: ಇದೇ ಲಾಭದ ದಾರಿ.